ಅರ್ಧಕ್ಕೆ ನಿಂತ ಚಿತ್ರಗಳು

ನಮ್ಮ ಕಲಾವಿದರ ಸಂಘದ ವಾರದ ಕೂಟಕ್ಕೆ ಮುಗಿದ ಚಿತ್ರವನ್ನು ತರುವಂತಿಲ್ಲ. ಹನ್ನೊಂದು ವರ್ಷಗಳ ಹಿಂದೆ ನಾನು ಸದಸ್ಯಳಾದಾಗ ಈ ನಿಯಮ ನನಗೆ ವಿಚಿತ್ರವಾಗಿ ಕಂಡಿತ್ತು. ನಾಲ್ಕು ಜನರಿಗೆ ತೋರಿಸುವುದೆಂದರೆ ಒಪ್ಪ ಓರಣ ಮಾಡಿ, ಕಟ್ಟು ಹಾಕಿಸಿ ತೋರಿಸಬೇಕು ಎಂದು ನಂಬಿದ್ದವಳು ನಾನು. ಬಣ್ಣ ಅರ್ಧ ಬಿದ್ದ ಹಾಳೆ, ಒಂದೇ ಕಣ್ಣು ಮೂಡಿದ ಮುಖ, ಒಣಗುವಾಗಲೇ ಕತ್ತಿನ ಬಳಿ ಸೀಳಿಕೊಂಡ ಹೂಜಿ, ಇಂಥವನ್ನೆಲ್ಲ ಕಂಕುಳಲ್ಲಿಟ್ಟುಕೊಂಡು ಜನ ಮೆಟ್ಟಿಲು ಹತ್ತಿ ಬರುವುದನ್ನು ನೋಡಿ, ಇವರಿಗೆ ಸಂಕೋಚವಾಗುವುದಿಲ್ಲವೇ ಎಂದುಕೊಂಡಿದ್ದೆ. ಸಂಕೋಚ ಎಲ್ಲರಿಗೂ ಆಗುತ್ತದೆ. ಆದರೂ ತರುತ್ತಾರೆ ಎಂಬುದರಲ್ಲೇ ಸಂಘದ ಜೀವವಿದೆ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಕೂಟದ ಕ್ರಮ ಸರಳವಾದದ್ದು. ತಂದವರು ತಮ್ಮ ಕೆಲಸವನ್ನು ಈಸೆಲ್ಲಿನ ಮೇಲಿಟ್ಟು ಪಕ್ಕಕ್ಕೆ ಸರಿಯುತ್ತಾರೆ. ಐದು ನಿಮಿಷ ಯಾರೂ ಮಾತನಾಡುವುದಿಲ್ಲ. ಆಮೇಲೆ ನೋಡುವವರು ತಮಗೆ ಕಂಡದ್ದನ್ನು ಹೇಳುತ್ತಾರೆ, ಅನ್ನಿಸಿದ್ದನ್ನು ಆ ಬಳಿಕ. ಬೆಳಕು ಎಡದಿಂದ ಬೀಳುತ್ತಿದ್ದರೂ ನೆರಳು ಎಡಕ್ಕೇ ಚಾಚಿದೆ ಎಂದರೆ ಅದು ಕಂಡದ್ದು. ಚಿತ್ರದಲ್ಲಿ ಏನೋ ಒಂದು ವಿಷಾದವಿದೆ ಎಂದರೆ ಅದು ಅನ್ನಿಸಿದ್ದು. ಚೆನ್ನಾಗಿದೆ ಎಂಬ ಮಾತು ಎರಡೂ ಅಲ್ಲ, ಹಾಗಾಗಿ ಅದನ್ನು ಕೊನೆಯವರೆಗೂ ತಡೆದಿಟ್ಟುಕೊಳ್ಳಬೇಕು. ಮೊದಮೊದಲು ಆ ಐದು ನಿಮಿಷಗಳು ನನಗೆ ಅಸಹನೀಯವಾಗಿದ್ದವು. ಮೊದಲ ನಿಮಿಷದಲ್ಲಿ ಎಲ್ಲವನ್ನೂ ನೋಡಿ ಮುಗಿಸಿದ್ದೇನೆ ಎನಿಸುತ್ತದೆ. ಎರಡನೆಯ ನಿಮಿಷದಲ್ಲಿ ಮನಸ್ಸು ಬೇರೆಲ್ಲೋ ಅಲೆಯುತ್ತದೆ. ಮೂರನೆಯ ನಿಮಿಷದ ಹೊತ್ತಿಗೆ, ಅಲ್ಲಿಯವರೆಗೂ ಕಾಣದೇ ಇದ್ದ ಒಂದು ಅಂಚು, ಒಂದು ಒರೆಸಿದ ಗುರುತು ತಾನಾಗಿ ಎದ್ದು ಬರುತ್ತದೆ.

ನಾನು ಮೊದಲ ಸಲ ತಂದದ್ದು ಒಂದು ಜಲವರ್ಣ. ಆಕಾಶಕ್ಕೆ ತೆಳುವಾಗಿ ನೀಲಿ ಹಾಯಿಸಿದ್ದೆ. ಬಲ ಮೂಲೆಯಲ್ಲಿ ಹೂಕೋಸಿನ ಅಂಚಿನಂಥ ಒಂದು ಸುಕ್ಕುಗೆರೆ ಮೂಡಿಬಿಟ್ಟಿತ್ತು. ಅದನ್ನು ಮೋಡವೆಂದು ನಂಬಿಸಬಹುದು ಎಂದು ನನ್ನ ಲೆಕ್ಕ. ಹಿರಿಯ ಸದಸ್ಯೆಯೊಬ್ಬರು ಆ ಮೂಲೆಯನ್ನೇ ನೋಡುತ್ತ, "ಇಲ್ಲಿ ಹಾಳೆ ಅರೆ ಒಣಗಿತ್ತು, ಆಗ ನೀವು ಮತ್ತೆ ಕೈ ಹಾಕಿದ್ದೀರಿ ಅಲ್ಲವೇ?" ಎಂದು ಕೇಳಿದರು. ನಿಜವೇ ಆಗಿತ್ತು. ಅರೆತೇವದ ಬಣ್ಣದ ಮೇಲೆ ನೀರು ಹೆಚ್ಚಿರುವ ಕುಂಚ ತಾಗಿದರೆ ಆ ನೀರು ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಗುಡ್ಡೆ ಹಾಕುತ್ತದೆ. ಆ ಸುಕ್ಕುಗೆರೆ ನನ್ನ ಅವಸರದ, ಇನ್ನೂ ಸರಿಯಾಗಿ ಹೇಳಬೇಕೆಂದರೆ ನನ್ನ ಭಯದ ದಾಖಲೆ. ಮೊದಲ ಲೇಪನ ಸಾಲದೇನೋ ಎಂಬ ಅಳುಕಿನಿಂದ ನಾನು ಮತ್ತೆ ಮುಟ್ಟಿದ್ದೆ. ಒಬ್ಬರು ನನ್ನ ಹಾಳೆಯನ್ನು ನೋಡಿ ನನ್ನ ಕೈ ಯಾವ ಕ್ಷಣದಲ್ಲಿ ಹೆದರಿತು ಎಂದು ಹೇಳಬಲ್ಲರು ಎಂಬುದು ನನಗೆ ಹೊಸ ಸಂಗತಿಯಾಗಿತ್ತು. ಆ ಚಿತ್ರವನ್ನು ಮುಗಿಸಿ, ಕಟ್ಟು ಹಾಕಿಸಿ ತಂದಿದ್ದರೆ ಅವರು ಸೌಜನ್ಯಕ್ಕೆ ಮೋಡವನ್ನು ಹೊಗಳುತ್ತಿದ್ದರೇನೋ.

ಸಂಘ ಸೇರಿ ಏನು ಕಲಿತಿರಿ ಎಂದು ಅನೇಕರು ಕೇಳುತ್ತಾರೆ. ಕಲಿಕೆಗೆ ಇಂದು ಕೊರತೆಯಿಲ್ಲ. ಬಣ್ಣ ಬೆರೆಸುವುದನ್ನು, ಮುಖದ ಅಳತೆಯನ್ನು, ಪರ್ಸ್‌ಪೆಕ್ಟಿವ್ ಲೆಕ್ಕವನ್ನು ಹೇಳಿಕೊಡುವ ವಿಡಿಯೊಗಳು ಎಷ್ಟು ಬೇಕಾದರೂ ಸಿಗುತ್ತವೆ. ಪ್ರದರ್ಶನಕ್ಕೆ ಗ್ಯಾಲರಿಗಳಿವೆ, ಹೊಗಳಲು ಬಂಧುಗಳಿದ್ದಾರೆ. ಒಂದು ಕೆಲಸ ಇನ್ನೂ ಏನೂ ಆಗಿರದ ಹೊತ್ತಿನಲ್ಲಿ, ಅದು ಕೆಡಲೂಬಹುದು, ಏಳಲೂಬಹುದು ಎಂಬ ಹಂತದಲ್ಲಿ ಬಂದು ಪಕ್ಕದಲ್ಲಿ ನಿಲ್ಲುವವರು ಮಾತ್ರ ಬೇರೆಲ್ಲೂ ಸಿಗುವುದಿಲ್ಲ. ಕಲಾವಿದರ ಪಯಣ ಎಂದು ನಾವು ಬರೆಯುವುದೆಲ್ಲ ಸಾಮಾನ್ಯವಾಗಿ ಮುಗಿದ ಕೃತಿಗಳ ಪಟ್ಟಿ, ಆದರೆ ಆ ಪಯಣ ನಡೆದಿರುವುದು ಅರ್ಧಕ್ಕೆ ನಿಂತವುಗಳಲ್ಲಿ.

ಹಳೆಯ ಕಾಲದ ಕಲಾವಿದರ ಕೂಟಗಳ ಬಗ್ಗೆ ಓದುವಾಗ ನನ್ನನ್ನು ಕಾಡುವುದೂ ಇದೇ. ಸಾಂಚಿಯ ದೊಡ್ಡ ಸ್ತೂಪದ ದಕ್ಷಿಣದ ತೋರಣದ್ವಾರದಲ್ಲಿ, ಇದರ ಕೆತ್ತನೆಯನ್ನು ವಿದಿಶೆಯ ದಂತಕಾರರು ಮಾಡಿದರು ಎಂಬ ಪ್ರಾಕೃತ ಶಾಸನವಿದೆ. ದಂತದ ಮೇಲೆ ಅಂಗುಲದಷ್ಟು ಜಾಗದಲ್ಲಿ ಕೆತ್ತಿ ಪಳಗಿದ ಕೈಗಳು ಆಳೆತ್ತರದ ಕಲ್ಲಿಗೆ ಹೊರಳಿದ್ದವು. ಒಬ್ಬನ ಹೆಸರೂ ಇಲ್ಲ, ಇಡೀ ಕಸುಬಿನವರ ಹೆಸರಿದೆ. ಬೇಲೂರಿಗೆ ಬಂದರೆ ಹೆಸರುಗಳು ಸಿಗುತ್ತವೆ: 1117ರಲ್ಲಿ ಪ್ರತಿಷ್ಠೆಯಾದ ಆ ದೇವಾಲಯದ ವಿಗ್ರಹಗಳ ಬುಡದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಅಪ್ಪ ಮಗನ ಕಲ್ಲನ್ನು, ಮಗ ಅಪ್ಪನ ಕಲ್ಲನ್ನು ಅರ್ಧದಲ್ಲಿ ನೋಡಿ ಏನಂದಿರಬಹುದು ಎಂದು ಯೋಚಿಸುತ್ತೇನೆ. ಮೃದುವಾದ ಬಳಪದ ಕಲ್ಲಾದರೂ ಉಳಿ ಒಮ್ಮೆ ತಪ್ಪಿದರೆ ಮತ್ತೆ ಅಂಟಿಸಲಾಗದು. ಅಲ್ಲಿ ಪಕ್ಕದವನ ಒಂದು ಮಾತಿನ ಬೆಲೆ ನಮ್ಮ ಕೂಟದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದ್ದಿರಬೇಕು.

ಯುರೋಪಿನ ಊರುಗಳಲ್ಲಿ ಸಂತ ಲೂಕನ ಹೆಸರಿನ ಗಿಲ್ಡುಗಳು, ಅಂದರೆ ಕಸುಬುದಾರರ ಸಂಘಗಳು ಇದ್ದವು. ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ಪಟ್ಟಣದ ಗಿಲ್ಡಿನಲ್ಲಿ ಚಿತ್ರಕಾರರ ಜೊತೆಗೆ ಗಾಜಿನ ಕೆಲಸದವರು, ಪಿಂಗಾಣಿಯವರು, ಪುಸ್ತಕ ಮಾರುವವರು ಎಲ್ಲರೂ ಸೇರಿದ್ದರು. ಚಿತ್ರಕಾರ ಯೊಹಾನೆಸ್ ವರ್ಮೀರ್ 1653ರ ಡಿಸೆಂಬರ್ 29ರಂದು ಅಲ್ಲಿ ಸದಸ್ಯನಾದಾಗ ಆರು ಗಿಲ್ಡರ್ (ಅಲ್ಲಿನ ನಾಣ್ಯ) ಪ್ರವೇಶ ಶುಲ್ಕವನ್ನು ಪೂರ್ತಿ ಕಟ್ಟಲಾಗದೆ ಒಂದು ಪಾಲನ್ನಷ್ಟೇ ಕಟ್ಟಿದ. ಬಾಕಿ ತೀರಿದ್ದು 1656ರ ಜುಲೈನಲ್ಲಿ. 1662ರ ಹೊತ್ತಿಗೆ ಅದೇ ಗಿಲ್ಡಿನ ಮುಖ್ಯಸ್ಥರಲ್ಲಿ ಒಬ್ಬನಾದ. ಚಂದಾ ಬಾಕಿ ಉಳಿಸಿಕೊಂಡು ತಲೆ ತಗ್ಗಿಸಿ ಬರುವ ಸದಸ್ಯರನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ, ಅವರಿಗೆ ಹೇಳಿದ್ದೂ ಉಂಟು. ಹಾಲು ಸುರಿಯುತ್ತಿರುವ ಹೆಂಗಸಿನ ಅವನ ಚಿತ್ರವನ್ನು ಆಮ್ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ ಸ್ಕ್ಯಾನ್ ಮಾಡಿ ಪರೀಕ್ಷಿಸಿದಾಗ, ಅವಳ ತಲೆಯ ಹಿಂದೆ ಹೂಜಿಗಳನ್ನು ನೇತುಹಾಕುವ ಒಂದು ಹಲಗೆಯೂ ಕೆಳಗೆ ಬೆಂಕಿಯ ಬುಟ್ಟಿಯೊಂದೂ ಮೊದಲು ಮೂಡಿ ನಂತರ ಮುಚ್ಚಿಹೋಗಿರುವುದು ಕಂಡಿತು. 2022ರಲ್ಲಿ ಅದನ್ನು ಪ್ರಕಟಿಸಿದರು. ಇಂದು ನಮಗೆ ಕಾಣುವುದು ಖಾಲಿ ಗೋಡೆ. ಆ ಗೋಡೆಯನ್ನು ಖಾಲಿ ಮಾಡುವ ಧೈರ್ಯ ಅವನಿಗೆ ಒಬ್ಬನೇ ಕುಳಿತು ಬಂತೋ, ಪಕ್ಕದ ಯಾರಾದರೂ ಹಲಗೆ ಯಾಕೆ ಎಂದು ಕೇಳಿದರೋ, ಯಾವ ದಾಖಲೆಯೂ ಹೇಳುವುದಿಲ್ಲ. ಒಂದು ಚಿತ್ರದ ನಡುವಿನ ಹಂತವನ್ನು ನೋಡಲು ಸುಮಾರು ಮುನ್ನೂರ ಅರುವತ್ತು ವರ್ಷ ಕಾದು ಯಂತ್ರಗಳನ್ನು ತರಬೇಕಾಯಿತು.

ಈಗ ನಾನು ಬಹುದಿನಗಳಿಂದ ಬರೆಯಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ನಮ್ಮ ಸಂಘದಲ್ಲಿ ಒಬ್ಬ ಹಿರಿಯರಿದ್ದಾರೆ. ಇಡೀ ಉದ್ಯೋಗಜೀವನವನ್ನು ಎಂಜಿನಿಯರಿಂಗ್ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಕಳೆದವರು. ಅವರ ಗೆರೆಗಳಿಗೆ ಒಂದು ಘನತೆಯಿತ್ತು: ಎಲ್ಲಿ ಶುರುವಾಗಬೇಕೋ ಅಲ್ಲಿ ಶುರುವಾಗಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿದ್ದವು. ಹಳೆಯ ಕಟ್ಟಡಗಳ ಒಳಾಂಗಣ, ಅದರಲ್ಲೂ ಮೆಟ್ಟಿಲುಗಳು ಅವರ ವಿಷಯ. ಸ್ಕೇಲ್ ಇಲ್ಲದೆ, ಶಾಯಿಯಲ್ಲಿ, ಒಂದೇ ಉಸಿರಿನಲ್ಲಿ ಉದ್ದ ಗೆರೆ ಎಳೆಯುವಾಗ ಇಡೀ ಕೋಣೆ ಅವರೊಂದಿಗೆ ಉಸಿರು ಹಿಡಿಯುತ್ತಿತ್ತು. ನಾಲ್ಕು ವರ್ಷಗಳ ಹಿಂದೆ ಅವರ ಬಲಗೈಯಲ್ಲಿ ನಡುಕ ಕಾಣಿಸಿಕೊಂಡಿತು. ಕೆಲವು ವಾರ ಅವರು ಏನನ್ನೂ ತರದೆ ಸುಮ್ಮನೆ ಬಂದು ಕುಳಿತರು. ಕೊನೆಗೊಂದು ದಿನ, ನಿಯಮಕ್ಕೆ ಗೌರವ ಕೊಟ್ಟು, ಅರ್ಧ ಬರೆದ ಒಂದು ಹಾಳೆಯನ್ನು ತಂದು ಈಸೆಲ್ಲಿನ ಮೇಲಿಟ್ಟರು. ಮೆಟ್ಟಿಲುಗಳ ಅಂಚುಗಳೆಲ್ಲ ಅಲೆಅಲೆಯಾಗಿ ಹರಿದಿದ್ದವು.

ಐದು ನಿಮಿಷ ಮುಗಿಯಲು ನಾನು ಬಿಡಲಿಲ್ಲ. ಅವರ ಮುಖ ನೋಡಲಾಗದೆ, ಮೌನ ತಡೆಯಲಾಗದೆ, "ಸರ್, ಈ ಗೆರೆಗಳಿಗೆ ಎಂಥ ಜೀವ ಬಂದಿದೆ, ಮೊದಲಿಗಿಂತ ಚೆನ್ನಾಗಿದೆ" ಎಂದುಬಿಟ್ಟೆ. ಇನ್ನಿಬ್ಬರು ಹೌದೆಂದು ದನಿಗೂಡಿಸಿದರು. ಅವರು ನನ್ನತ್ತ ತಿರುಗಿ, ಸ್ವಲ್ಪವೂ ಕೋಪವಿಲ್ಲದೆ, "ಅಮ್ಮಾ, ನಡುಗಿದ್ದು ನನ್ನ ಕೈ. ನಾನು ಎಳೆಯಬೇಕೆಂದಿದ್ದ ಗೆರೆ ಇದಲ್ಲ" ಎಂದರು. ಹಾಳೆಯನ್ನು ಸುರುಳಿ ಸುತ್ತಿಕೊಂಡು ಹೋದವರು ಏಳು ತಿಂಗಳು ಬರಲಿಲ್ಲ.

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂದು ಬಹಳ ದಿನ ನನ್ನನ್ನೇ ಸಮಾಧಾನಪಡಿಸಿಕೊಂಡೆ. ಆ ಗೆರೆಗಳಲ್ಲಿ ನಿಜವಾಗಿಯೂ ಒಂದು ಬಗೆಯ ಸೊಗಸಿತ್ತು. ಆದರೆ ಅದು ಅವರು ಹುಡುಕುತ್ತಿದ್ದ ಸೊಗಸಲ್ಲ, ನಾನು ಅವರ ಕೈಯಿಂದ ಕಸಿದು ನನ್ನ ಅಭಿರುಚಿಗೆ ಹೊಂದಿಸಿಕೊಂಡದ್ದು. ಅವರು ತಮ್ಮ ತೊಂದರೆಯನ್ನು ತಂದು ನಮ್ಮ ಮುಂದಿಟ್ಟಿದ್ದರು. ನಾನು ಅದನ್ನು ಹೊಗಳಿ ಮುಚ್ಚಿಹಾಕಿದೆ. ಟೀಕೆ ನೋಯಿಸಬಹುದು ಎಂದು ಎಲ್ಲರಿಗೂ ಗೊತ್ತು, ಹೊಗಳಿಕೆಯೂ ಅಷ್ಟೇ ಒಂಟಿಯಾಗಿಸಬಲ್ಲದು ಎಂಬುದು ಆ ದಿನದವರೆಗೆ ನನಗೆ ಗೊತ್ತಿರಲಿಲ್ಲ.

ಅಂದು ಒಂದೂ ಮಾತನಾಡದೆ ಕುಳಿತಿದ್ದವರು ನಮ್ಮ ದರ್ಜಿ. ಅವರ ಪಯಣವೇ ಬೇರೆ ಬಗೆಯದು. ಚಿತ್ರ ಬರೆಯಲು ಬರುವುದಿಲ್ಲ ಎಂದು ಹೇಳುತ್ತಲೇ ಸಂಘಕ್ಕೆ ಬಂದವರು, ಆರು ತಿಂಗಳು ಪೆನ್ಸಿಲ್ ಹಿಡಿದು ಒದ್ದಾಡಿದರು. ಲಿನೋಲಿಯಂ ಹಾಳೆಯನ್ನು ಕೊರೆದು ಅಚ್ಚು ತೆಗೆಯುವುದನ್ನು ಯಾರೋ ತೋರಿಸಿದ ದಿನ ಅವರ ಕೈ ಬದಲಾಯಿತು. ಬಟ್ಟೆಯ ಮೇಲೆ ಕತ್ತರಿ ಹಾಯಿಸುವವರಿಗೆ, ಬಿಟ್ಟದ್ದು ಉಳಿಯುತ್ತದೆ, ತೆಗೆದದ್ದು ಹೋಗುತ್ತದೆ ಎಂಬುದನ್ನು ಹೇಳಿಕೊಡಬೇಕಾಗಿಲ್ಲ. ಅಚ್ಚಿನಲ್ಲಿ ಎಡ ಬಲ ಅದಲುಬದಲಾಗುತ್ತದೆ ಎಂದು ನಾವೆಲ್ಲ ತಡವರಿಸುತ್ತಿದ್ದರೆ, ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಹೊಲಿದು ರೂಢಿಯಾಗಿದ್ದ ಅವರಿಗೆ ಅದು ಸಮಸ್ಯೆಯೇ ಆಗಲಿಲ್ಲ. ಹೊಸ ಕಲೆ ಕಲಿಯುವವರು ಬರಿಗೈಯಲ್ಲಿ ಬರುವುದಿಲ್ಲ ಎಂಬುದನ್ನು ನಾನು ಕಂಡದ್ದು ಅವರಲ್ಲಿ. ವಿದಿಶೆಯ ದಂತಕಾರರು ಕಲ್ಲಿನ ಮುಂದೆ ನಿಂತಾಗಲೂ ಹೀಗೆಯೇ ಇದ್ದಿರಬೇಕು.

ಆ ದರ್ಜಿ ಏಳು ತಿಂಗಳಲ್ಲಿ ಎರಡು ಮೂರು ಸಲ ಹಿರಿಯರ ಮನೆಗೆ ಹೋಗಿದ್ದಾರೆ. ನಮಗೆ ಆಮೇಲೆ ತಿಳಿಯಿತು. ಅಲ್ಲಿ ಅವರು ಚಿತ್ರದ ಮಾತೆತ್ತದೆ, "ಗೆರೆ ಎಳೆಯುವಾಗ ಮೊಣಕೈ ಎಲ್ಲಿಡುತ್ತೀರಿ?" ಎಂದು ಕೇಳಿದರಂತೆ. ಮೊಣಕೈ ಗಾಳಿಯಲ್ಲಿ ಇರುತ್ತಿತ್ತು, ಮೊದಲಿನಿಂದಲೂ ಹಾಗೆಯೇ. ಬೆರಳಿನ ನಡುಕ ಮಣಿಕಟ್ಟಿಗೆ ಆಸರೆ ಸಿಕ್ಕಿದರೆ ತಗ್ಗುತ್ತದೆಯೇ, ಭುಜದಿಂದ ಕೈ ಬೀಸಿದರೆ ಏನಾಗುತ್ತದೆ ಎಂದು ಇಬ್ಬರೂ ಹಳೆಯ ಪತ್ರಿಕೆಗಳ ಮೇಲೆ ಗೆರೆ ಎಳೆದು ನೋಡಿದರು. ಕೊನೆಗೆ ದರ್ಜಿ ಒಂದು ಹಗುರವಾದ ಉದ್ದನೆಯ ಕೋಲಿನ ತುದಿಗೆ ಹತ್ತಿಯ ಉಂಡೆಯಿಟ್ಟು, ಅದರ ಮೇಲೆ ಮೆತ್ತನೆಯ ಚರ್ಮ ಸುತ್ತಿ, ಬಿಗಿಯಾಗಿ ಹೊಲಿದುಕೊಟ್ಟರು. ಎಡಗೈಯಲ್ಲಿ ಆ ಕೋಲನ್ನು ಹಿಡಿದು, ಮೆತ್ತನೆಯ ತುದಿಯನ್ನು ಹಲಗೆಯ ಅಂಚಿಗೆ ಊರಿ, ಕೋಲಿನ ಮೇಲೆ ಬಲಮಣಿಕಟ್ಟನ್ನು ಇಟ್ಟು ಬರೆಯುವುದು. ಹೊಸದನ್ನೇನೋ ಕಂಡುಹಿಡಿದೆವು ಎಂದು ಅವರಿಬ್ಬರೂ ಸಂತೋಷಪಟ್ಟಿದ್ದರು. ಇದು ಚಿತ್ರಕಾರರು ಶತಮಾನಗಳಿಂದ ಬಳಸಿದ ಸಾಧನ, ಮಾಲ್‌ಸ್ಟಿಕ್ ಎಂದು ಅದಕ್ಕೆ ಹೆಸರು. ವರ್ಮೀರನೇ ಬರೆದ, ಚಿತ್ರಕಾರನೊಬ್ಬ ನಮಗೆ ಬೆನ್ನು ಮಾಡಿ ಕುಳಿತು ಚಿತ್ರ ಬರೆಯುತ್ತಿರುವ ಪ್ರಸಿದ್ಧ ಕೃತಿಯಲ್ಲಿ ಆ ಚಿತ್ರಕಾರನ ಕೈ ಇಂಥದೇ ಕೋಲಿನ ಮೇಲೆ ಒರಗಿದೆ. ಆ ಚಿತ್ರದ ಪ್ರತಿಯನ್ನು ನಾನು ತೋರಿಸಿದಾಗ ದರ್ಜಿ ಚಿತ್ರದ ಬೆಳಕನ್ನಾಗಲಿ ಬಣ್ಣವನ್ನಾಗಲಿ ನೋಡಲಿಲ್ಲ. ಕೋಲಿನ ತುದಿಗೆ ಏನು ಸುತ್ತಿದ್ದಾರೆ ಎಂದು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಹುಡುಕಿದರು.

ನಮ್ಮ ಕೋಣೆಯ ಗೋಡೆಗೆ ಒಂದು ದೊಡ್ಡ ಕನ್ನಡಿಯಿದೆ. ಬರೆಯುತ್ತಿರುವ ಚಿತ್ರವನ್ನು ಆಗಾಗ ಕನ್ನಡಿಯಲ್ಲಿ ನೋಡಬೇಕು, ತಿರುವುಮುರುವಾಗಿ ಕಂಡಾಗ ಅದು ಬೇರೊಬ್ಬನ ಕೆಲಸದಂತೆ ತೋರಿ ತಪ್ಪುಗಳು ಬೇಗ ಎದ್ದು ಕಾಣುತ್ತವೆ ಎಂದು ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾನೆ. ನಾವೆಲ್ಲ ಅದನ್ನು ಬಳಸುತ್ತೇವೆ. ಮುಖದ ಒಂದು ಕೆನ್ನೆ ದಪ್ಪವಾಗಿದ್ದರೆ, ಮೇಜು ಒಂದು ಕಡೆಗೆ ವಾಲಿದ್ದರೆ ಕನ್ನಡಿ ತಕ್ಷಣ ಹೇಳುತ್ತದೆ. ಮೊಣಕೈ ಎಲ್ಲಿದೆ ಎಂದು ಕೇಳಲು ಮಾತ್ರ ಇನ್ನೊಬ್ಬ ಮನುಷ್ಯನೇ ಬೇಕಾಯಿತು.

ಇಂಥ ಜೊತೆಗಾರಿಕೆಯ ಬಗ್ಗೆ ಯೋಚಿಸುವಾಗ ಫ್ರಾನ್ಸಿನಲ್ಲಿ ಕೆಲಸ ಮಾಡಿದ ಚಿತ್ರಕಾರ ಕಮೀ ಪಿಸಾರೊ ನನಗೆ ಮತ್ತೆ ಮತ್ತೆ ನೆನಪಾಗುತ್ತಾನೆ. 1874ರ ಏಪ್ರಿಲ್ 15ರಂದು ಪ್ಯಾರಿಸಿನಲ್ಲಿ, ಛಾಯಾಗ್ರಾಹಕ ನಡಾರನ ಹಿಂದಿನ ಸ್ಟುಡಿಯೊದಲ್ಲಿ, ಮೂವತ್ತು ಮಂದಿ ಕಲಾವಿದರು ಸೇರಿ ತಾವೇ ಪ್ರದರ್ಶನವಿಟ್ಟರು. ಅವರು ಕಟ್ಟಿಕೊಂಡ ಸಹಕಾರ ಸಂಘದ ನಿಯಮಾವಳಿಗೆ ಪಿಸಾರೊ ಮಾದರಿಯಾಗಿ ತಂದದ್ದು ತಾನಿದ್ದ ಪೊಂಟ್ವಾಸ್ ಊರಿನ ಬ್ರೆಡ್ ಸುಡುವವರ ಸಂಘದ ನಿಯಮಗಳನ್ನು. ಪ್ರದರ್ಶನ ನಷ್ಟದಲ್ಲಿ ಮುಗಿಯಿತು, ವರ್ಷ ಕಳೆಯುವುದರೊಳಗೆ ಸಂಘವನ್ನು ಮುಚ್ಚಬೇಕಾಯಿತು. ಆದರೂ 1886ರವರೆಗೆ ಅವರು ಒಟ್ಟು ಎಂಟು ಪ್ರದರ್ಶನಗಳನ್ನು ನಡೆಸಿದರು; ಎಂಟರಲ್ಲೂ ಭಾಗವಹಿಸಿದವನು ಪಿಸಾರೊ ಒಬ್ಬನೇ. ಅದಕ್ಕೂ ಮೊದಲೇ, ದಟ್ಟ ಕಪ್ಪು ಬಣ್ಣಗಳಲ್ಲಿ ಮುಳುಗಿದ್ದ ಚಿತ್ರಕಾರ ಪಾಲ್ ಸೆಜಾನ್ ಅವನ ಹತ್ತಿರ ಬಂದು ನೆಲೆಸಿ, ಅವನ ಒಂದು ಭೂದೃಶ್ಯವನ್ನು ಎರವಲು ಪಡೆದು ಹಾಗೆಯೇ ನಕಲು ಮಾಡಿದ್ದ. ಇಬ್ಬರೂ ಒಂದೇ ಬಯಲಿನಲ್ಲಿ ಈಸೆಲ್ ಇಟ್ಟು ಕೆಲಸ ಮಾಡಿದ ಆ ದಿನಗಳ ನಂತರ ಸೆಜಾನನ ಬಣ್ಣಗಳು ತಿಳಿಯಾದವು. ಆದರೆ ಅವನು ಪಿಸಾರೊನಂತೆ ಬರೆಯಲಿಲ್ಲ. ಪಕ್ಕದಲ್ಲಿ ನಿಂತವನು ತನ್ನಂತೆ ಆಗಬೇಕೆಂದು ಬಯಸದೆ ಇರುವುದು ದೊಡ್ಡ ಗುಣ. ನಾನು ಕಂಡ ಸಂಘದ ಹಿರಿಯರಲ್ಲಿ ಆ ಗುಣವಿದ್ದವರು ಕಡಿಮೆ.

ಸಂಘಗಳನ್ನು ವೈಭವೀಕರಿಸಲು ನನಗೆ ಇಷ್ಟವಿಲ್ಲ. ಹಳೆಯ ಗಿಲ್ಡುಗಳು ಹೊರಗಿನವರನ್ನು ಹೊರಗಿಡುವ ಬೇಲಿಗಳೂ ಆಗಿದ್ದವು. 1633ರಲ್ಲಿ ಡಚ್ ಪಟ್ಟಣ ಹಾರ್ಲೆಮ್‌ನ ಗಿಲ್ಡಿಗೆ ಸೇರಿದ ಚಿತ್ರಕಾರ್ತಿ ಯೂಡಿತ್ ಲೇಸ್ಟರ್‌ಳಂಥ ಹೆಣ್ಣುಮಕ್ಕಳು ವಿರಳ. ಅವಳು ಶಿಷ್ಯರನ್ನು ಇಟ್ಟುಕೊಂಡು ಕಲಿಸಿದಳು. ತನ್ನ ಶಿಷ್ಯನೊಬ್ಬ ಪ್ರಸಿದ್ಧ ಚಿತ್ರಕಾರ ಫ್ರಾನ್ಸ್ ಹಾಲ್ಸ್‌ನ ಕಡೆಗೆ ಹೋದಾಗ ಗಿಲ್ಡಿಗೆ ದೂರು ಕೊಟ್ಟಳು. ಸತ್ತ ನಂತರ ಅವಳ ಚಿತ್ರಗಳು ಅದೇ ಹಾಲ್ಸ್‌ನ ಹೆಸರಿನಲ್ಲಿ ಮಾರಾಟವಾದವು. ತನ್ನ ಮೊದಲಕ್ಷರಗಳ ಜೊತೆ ಅವಳು ಸೇರಿಸುತ್ತಿದ್ದ ಪುಟ್ಟ ನಕ್ಷತ್ರವನ್ನು 1893ರಲ್ಲಿ ಒಬ್ಬ ವಿದ್ವಾಂಸ ಗುರುತಿಸುವವರೆಗೆ ಅವಳ ಹೆಸರು ಮರೆಯಾಗಿತ್ತು. ನಮ್ಮಲ್ಲೂ ವಾರ್ಷಿಕ ಪ್ರದರ್ಶನ ಹತ್ತಿರ ಬಂದಾಗ ಬಾಗಿಲೆದುರಿನ ಗೋಡೆ ಯಾರಿಗೆ ಎಂಬ ಜಗಳ ಏಳುತ್ತದೆ. ಅದೇ ಜನ ಮರುವಾರ ಅರ್ಧ ಬರೆದ ಹಾಳೆಯ ಮುಂದೆ ಕುಳಿತಾಗ ಬೇರೆಯೇ ಆಗಿರುತ್ತಾರೆ. ಮುಗಿದ ಕೃತಿಗಳು ನಮ್ಮನ್ನು ಸ್ಪರ್ಧಿಗಳನ್ನಾಗಿ ಮಾಡುತ್ತವೆ ಎಂಬ ಅನುಮಾನ ನನಗಿದೆ.

ನಮ್ಮ ರೀತಿಗೆ ಎಲ್ಲಕ್ಕಿಂತ ಹತ್ತಿರವಾಗಿ ನನಗೆ ಕಾಣುವುದು ಇಂಗ್ಲೆಂಡಿನ ಆಶಿಂಗ್ಟನ್ ಗುಂಪು. 1934ರಲ್ಲಿ ಅಲ್ಲಿನ ಕಲ್ಲಿದ್ದಲು ಗಣಿಯ ಕಾರ್ಮಿಕರು ಕಲೆಯನ್ನು ಅರ್ಥಮಾಡಿಕೊಳ್ಳಬೇಕೆಂದು ಒಂದು ಸಂಜೆ ತರಗತಿ ಏರ್ಪಡಿಸಿದರು. ಕಲಿಸಲು ಬಂದ ರಾಬರ್ಟ್ ಲಯನ್ ಹಳೆಯ ಮಹಾಕೃತಿಗಳ ಸ್ಲೈಡುಗಳನ್ನು ತೋರಿಸಿದಾಗ ಅವರಿಗೆ ಅದು ತಲುಪಲಿಲ್ಲ. ಹಾಗಾದರೆ ನೀವೇ ಬರೆಯಿರಿ, ಮಾಡಿ ತಿಳಿಯಿರಿ ಎಂಬ ದಾರಿಗೆ ಅವರು ಹೊರಳಿದರು. ಪಾಳಿ ಮುಗಿಸಿ ಮನೆಯಲ್ಲಿ ಬರೆದದ್ದನ್ನು ತಂದು ಎಲ್ಲರ ಮುಂದಿಟ್ಟು ಚರ್ಚಿಸುವುದು ಅವರ ಪದ್ಧತಿಯಾಯಿತು. ಗಣಿಯೊಳಗಿನ ಕತ್ತಲೆ, ಬಗ್ಗಿ ಕೆಲಸ ಮಾಡುವ ಬೆನ್ನುಗಳು, ಮನೆ, ತೋಟ, ಇವೇ ಅವರ ವಿಷಯಗಳು. ಹೊರಗಿನ ಚಿತ್ರಕಾರ ಬರೆದಿದ್ದರೆ ಹೋಗಿಬಿಡಬಹುದಾಗಿದ್ದ ವಿವರಗಳು, ಉದಾಹರಣೆಗೆ ದೀಪ ಹಿಡಿದವನ ಕೈ ಯಾವ ಎತ್ತರದಲ್ಲಿರುತ್ತದೆ ಎಂಬಂಥವು, ಅಲ್ಲಿ ತಪ್ಪಿಸಿಕೊಳ್ಳುವಂತಿರಲಿಲ್ಲ. ನೋಡುತ್ತ ಕುಳಿತವರೆಲ್ಲ ಅದೇ ಗಣಿಗೆ ಇಳಿಯುವವರು. ಆ ಗುಂಪು 1984ರವರೆಗೆ ಉಳಿಯಿತು.

ಸಂಘದ ಅತಿ ಕಿರಿಯ ಸದಸ್ಯೆ ಟ್ಯಾಬ್ಲೆಟ್‌ನಲ್ಲಿ ಚಿತ್ರ ಬರೆಯುವವಳು. ಅವಳಿಗೆ ನಮ್ಮ ನಿಯಮ ನಿಜವಾದ ತೊಡಕಾಯಿತು. ಅನ್‌ಡೂ ಒತ್ತಿದರೆ ತಪ್ಪು ಮಾಯವಾಗುವ ಕಡೆ ಅರ್ಧದ ಹಂತವೇ ಉಳಿಯುವುದಿಲ್ಲ. ನಮಗೆ ತೋರಿಸಲೆಂದೇ ಅವಳು ಪ್ರತಿದಿನ ಕೆಲಸ ನಿಲ್ಲಿಸುವಾಗ ಒಂದು ಪ್ರತಿಯನ್ನು ಬೇರೆಯಾಗಿ ಉಳಿಸತೊಡಗಿದಳು. ಮೂರು ತಿಂಗಳ ನಂತರ ಅವನ್ನೆಲ್ಲ ಸಾಲಾಗಿ ನೋಡಿದಾಗ, ತನ್ನ ಪ್ರತಿಯೊಂದು ಚಿತ್ರದಲ್ಲೂ ಎರಡನೆಯ ದಿನದ್ದೇ ಹೆಚ್ಚು ಧೈರ್ಯವಾಗಿದೆ, ಆಮೇಲಿನ ದಿನಗಳಲ್ಲಿ ತಾನು ಅದನ್ನು ನಯಗೊಳಿಸುತ್ತ ಸಾಯಿಸುತ್ತಿದ್ದೇನೆ ಎಂದು ಅವಳೇ ಕಂಡುಕೊಂಡಳು. ಮೊದಲು ಹೇಳಿದ ಸೀಳಿದ ಹೂಜಿಯನ್ನು ತಂದಿದ್ದವರ ಕಥೆ ಚಿಕ್ಕದು: ಸೀಳಿದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದಾಗ, ಮೈ ಅರೆ ಒಣಗಿದ ಮೇಲೆ ಒದ್ದೆ ಜೇಡಿಯ ಹಿಡಿಕೆಯನ್ನು ಅಂಟಿಸಿದ್ದು ತಿಳಿಯಿತು. ಎರಡೂ ಬೇರೆ ಬೇರೆ ವೇಗದಲ್ಲಿ ಕುಗ್ಗಿದರೆ ಕೂಡುವ ಜಾಗವೇ ಬಿಡಬೇಕು. ಈಗ ಅವರು ಹಿಡಿಕೆಗಳನ್ನು ಮೊದಲೇ ಮಾಡಿ, ಮೈಯ ಜೊತೆಯಲ್ಲೇ ಒಂದೇ ಹದಕ್ಕೆ ಬರಲು ಬಿಡುತ್ತಾರೆ.

ಹಿರಿಯರು ಮತ್ತೆ ಬಂದದ್ದು ಮಳೆ ಬಿಟ್ಟ ಒಂದು ಸಂಜೆ. ಒಂದು ಕೈಯಲ್ಲಿ ಸುರುಳಿ, ಇನ್ನೊಂದರಲ್ಲಿ ಆ ಕೋಲು. ಯಾರೂ ಎದ್ದು ಸ್ವಾಗತಿಸಲಿಲ್ಲ, ಪಕ್ಕದ ಕುರ್ಚಿಯಲ್ಲಿದ್ದ ಚೀಲವನ್ನು ಒಬ್ಬರು ತೆಗೆದು ಕೆಳಗಿಟ್ಟರು. ಅವರು ಹಾಳೆಯನ್ನು ಬಿಡಿಸಿ ನಾಲ್ಕೂ ಮೂಲೆಗೆ ಕ್ಲಿಪ್ ಹಾಕಿದರು. ಮತ್ತೆ ಮೆಟ್ಟಿಲುಗಳು, ಹಿಂದಿಗಿಂತ ದೊಡ್ಡ ಹಾಳೆಯಲ್ಲಿ. ಕೆಳಗಿನ ಎಂಟು ಮೆಟ್ಟಿಲು ಶಾಯಿಯಲ್ಲಿ ಮೂಡಿದ್ದವು, ಮೇಲಿನವು ಇನ್ನೂ ಪೆನ್ಸಿಲ್ಲಿನಲ್ಲಿದ್ದವು. ಗೆರೆಗಳು ಮೊದಲಿನಷ್ಟು ಸಲೀಸಾಗಿರಲಿಲ್ಲ. ತುಂಡು ತುಂಡಾಗಿ, ನಿಂತು ನಿಂತು, ಆದರೆ ನೇರವಾಗಿ ಹೋಗಿದ್ದವು.

ಐದು ನಿಮಿಷವೂ ಪೂರ್ತಿಯಾಗಿ ಕಳೆಯಿತು. ಮೂರನೆಯ ನಿಮಿಷದಲ್ಲಿ ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತ್ತು. ಹೇಳಲೋ ಬೇಡವೋ ಎಂದು ಉಳಿದ ಎರಡು ನಿಮಿಷ ಎದೆ ಹೊಡೆದುಕೊಂಡಿತು. "ಸರ್, ಏಳನೆಯ ಮೆಟ್ಟಿಲು ಉಳಿದವಕ್ಕಿಂತ ಎತ್ತರವಾಗಿದೆ" ಎಂದೆ. ಅವರು ಎದ್ದು ಹತ್ತಿರ ಹೋದರು. ಕೋಲನ್ನು ಈಸೆಲ್ಲಿಗೆ ಒರಗಿಸಿ, ಕೆಳಗಿನಿಂದ ಒಂದೊಂದೇ ಮೆಟ್ಟಿಲನ್ನು ನಡುಗುವ ಬೆರಳಿನಿಂದ ಮುಟ್ಟಿ ಎಣಿಸಿದರು. ಏಳರ ಮೇಲೆ ಬೆರಳು ನಿಂತಿತು. ಶಾಯಿಯಲ್ಲಿ ಆದದ್ದನ್ನು ಅಳಿಸಲಾಗದು. ಅವರು ಒಂದು ಕ್ಷಣ ಯೋಚಿಸಿ, ಜೇಬಿನಿಂದ ರಬ್ಬರ್ ತೆಗೆದು, ಪೆನ್ಸಿಲ್ಲಿನಲ್ಲಿದ್ದ ಒಂಬತ್ತನೆಯ ಮೆಟ್ಟಿಲಿನಿಂದ ಮೇಲಿನದನ್ನೆಲ್ಲ ಅಳಿಸತೊಡಗಿದರು.